ಸಣ್ಣ ಅಡುಗೆಮನೆಯಲ್ಲಿ ಗ್ರೈಂಡರ್ ಎಲ್ಲಿಡೋದು? ಅಟ್ಟದ ಮೇಲಂತೂ ಬೇಡ

ಪ್ರಶ್ನೆ: ನಮ್ಮದು ದಾವಣಗೆರೆ ಕೆ.ಟಿ.ಜೆ. ನಗರದಲ್ಲಿ ಬಾಡಿಗೆ ಮನೆ. ಅಡುಗೆಮನೆ ಆರಡಿ-ಎಂಟಡಿ ಅಷ್ಟೇ. ಎರಡು ಲೀಟರಿನ ಗ್ರೈಂಡರ್, ಮಿಕ್ಸಿ, ಓವನ್, ಇಂಡಕ್ಷನ್ ಒಲೆ ಎಲ್ಲಾ ಇವೆ. ಕಟ್ಟೆ ಮೇಲೆ ರೊಟ್ಟಿ ತಟ್ಟೋಕೂ ಜಾಗ ಉಳಿದಿಲ್ಲ. ಗ್ರೈಂಡರ್ ಬಳಸೋದು ವಾರಕ್ಕೆ ಒಂದು ಸಲ, ಕೆಲವೊಮ್ಮೆ ತಿಂಗಳಿಗೆ ಒಂದು ಸಲ. ಅದನ್ನು ಅಟ್ಟಕ್ಕೆ ಹಾಕಬಹುದಾ?

ಉತ್ತರ: ಹಾಕಬೇಡಿ. ಕಟ್ಟೆ ಕೆಳಗೆ, ನೆಲದ ಮಟ್ಟದಲ್ಲಿ, ಗಾಲಿ ಇರೋ ಹಲಗೆಯ ಮೇಲೆ, ಗ್ಯಾಸ್ ಸಿಲಿಂಡರಿನಿಂದ ದೂರ ಇಡಿ. ರುಬ್ಬೋ ದಿನ ಎಳೆದುಕೊಳ್ಳಿ, ಮುಗಿದ ಮೇಲೆ ತೊಳೆದು ಒಣಗಿಸಿ ಒಳಗೆ ತಳ್ಳಿ.

ಇಷ್ಟು ಹೇಳಿದರೆ ಸಾಕಾಗಬೇಕು. ಆದರೆ ಇಪ್ಪತ್ತೆರಡು ವರ್ಷದಿಂದ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡ್ತಾ ಇದ್ದೀನಿ, ಒಬ್ಬರೂ ಈ ಉತ್ತರಕ್ಕೆ ಸುಮ್ಮನಾಗಿದ್ದು ನೋಡಿಲ್ಲ. ಅಂಗಡಿಗೆ ಬಂದವರು, ಫೋನ್ ಮಾಡಿದವರು, ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತವರು, ಎಲ್ಲರದ್ದೂ ಒಂದೇ ಮಾತು: "ಅದು ಸರಿ ಅಣ್ಣಾರೆ, ಆದ್ರೆ ಮ್ಯಾಲೆ ಅಟ್ಟ ಖಾಲಿ ಐತಲ್ರಿ!"

ಖಾಲಿ ಇರಲಿ ಬಿಡಿ. ಅಟ್ಟ ಖಾಲಿ ಇದೆ ಅನ್ನೋದು ಅಲ್ಲಿ ಗ್ರೈಂಡರ್ ಇಡೋಕೆ ಕಾರಣ ಆಗಲ್ಲ.

ಇದರ ಹಿಂದೆ ಒಂದು ನಂಬಿಕೆ ಇದೆ. ದಿನಾ ಬಳಸೋದು ಕೈಗೆ ಸಿಗಬೇಕು, ಅಪರೂಪಕ್ಕೆ ಬಳಸೋದು ಮೇಲೆ ಹೋಗಬೇಕು ಅಂತ. ತಾಯಂದಿರು ಮಕ್ಕಳಿಗೆ ಹೇಳಿಕೊಡ್ತಾರೆ, ಮನೆ ಕಟ್ಟೋ ಮೇಸ್ತ್ರಿ ಹೇಳ್ತಾನೆ, ಮಾಡ್ಯುಲರ್ ಕಿಚನ್ ಮಾಡೋರು ಚಿತ್ರ ಬರೆದೇ ತೋರಿಸ್ತಾರೆ. ಹಗುರ ಸಾಮಾನಿಗೆ ಈ ಮಾತು ಸರಿ. ದೊಡ್ಡ ಅಲ್ಯೂಮಿನಿಯಂ ಇಡ್ಲಿ ಪಾತ್ರೆ, ಮೊರ, ಜರಡಿ, ನೆಂಟರು ಬಂದಾಗ ತೆಗೆಯೋ ಹಾಟ್‌ಬಾಕ್ಸ್, ಖಾಲಿ ಡಬ್ಬಿ ಎಲ್ಲಾ ಅಟ್ಟಕ್ಕೆ ಹೋಗಲಿ. ತೂಕದ ಸಾಮಾನಿಗೆ ಮಾತ್ರ ಈ ಲೆಕ್ಕ ಹಿಡಿಯಲ್ಲ. ಭಾರದ ವಸ್ತುವನ್ನು ಎಷ್ಟು ಸಲ ಬಳಸ್ತೀರಿ ಅಂತ ನೋಡಿ ಜಾಗ ಕೊಡಬಾರದು, ಎಷ್ಟು ತೂಕ ಇದೆ ಅಂತ ನೋಡಿ ಕೊಡಬೇಕು. ಭಾರ ಹೆಚ್ಚಿದಷ್ಟೂ ನೆಲಕ್ಕೆ ಹತ್ತಿರ.

ಎರಡು ಲೀಟರಿನ ಟೇಬಲ್‌ಟಾಪ್ ಗ್ರೈಂಡರ್ ಹತ್ತು ಕೆಜಿಯಿಂದ ಹದಿನೈದು ಕೆಜಿ ತೂಗುತ್ತೆ. 25 ಕೆಜಿ ಅಕ್ಕಿ ಚೀಲದ ಅರ್ಧ ಅಂತ ಇಟ್ಟುಕೊಳ್ಳಿ. ಅಕ್ಕಿಯನ್ನು ಯಾರೂ ಅಟ್ಟದ ಮೇಲೆ ಇಡಲ್ಲ, ಗ್ರೈಂಡರ್ ಮಾತ್ರ ಯಾಕೆ ಇಡ್ತೀರಿ? ಚೀಲಕ್ಕಾದರೆ ಹಿಡಿಯೋಕೆ ಮೂಲೆ ಇರುತ್ತೆ, ಎದೆಗೆ ಒರಗಿಸಿಕೊಳ್ಳಬಹುದು. ಗ್ರೈಂಡರ್ ದುಂಡಗೆ, ನುಣ್ಣಗೆ. ಒಳಗೆ ಕಲ್ಲುಗಳು ಬಿಡಿಯಾಗಿ ಕೂತಿರ್ತವೆ. ತಲೆಗಿಂತ ಮೇಲೆ ಎತ್ತಿ ಸ್ವಲ್ಪ ವಾಲಿಸಿದರೆ ಸಾಕು, ಕಲ್ಲು ಒಂದು ಕಡೆ ಜಾರಿ ಪೂರ್ತಿ ಭಾರ ಒಂದೇ ಕೈಗೆ ಬರುತ್ತೆ. ಆ ಹೊತ್ತಿಗೆ ನೀವು ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತಿರ್ತೀರಿ, ಕುರ್ಚಿ ನುಣುಪು ಟೈಲ್ಸ್ ಮೇಲೆ ಇರುತ್ತೆ.

ಏರಿಸೋದಕ್ಕಿಂತ ಇಳಿಸೋದು ಕಷ್ಟ. ಏರಿಸೋವಾಗ ಮನೆಯಲ್ಲಿ ಯಾರಾದರೂ ಕೈ ಕೊಟ್ಟಿರ್ತಾರೆ. ಇಳಿಸೋ ದಿನ ಹಬ್ಬದ ಗಡಿಬಿಡಿ, ಒಬ್ಬರೇ ಇರ್ತೀರಿ. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಆಗ ಊರಿಗೆ ಊರೇ ನೆಂಟರಿಂದ ತುಂಬಿರುತ್ತೆ. ಅಂಥ ಒಂದು ಜಾತ್ರೆ ಮುಗಿದ ವಾರ ನಿಟ್ಟುವಳ್ಳಿಯಿಂದ ಒಬ್ಬರು ಅಕ್ಕ ಆಟೋದಲ್ಲಿ ಗ್ರೈಂಡರ್ ತಂದಿದ್ದರು. ಡ್ರಮ್ ಒಂದು ಕಡೆ ನೆಗ್ಗಿತ್ತು, ಅವರ ಬಲಗೈ ಪ್ಲಾಸ್ಟರಿನಲ್ಲಿತ್ತು. ದೋಸೆಗೆ ಅಕ್ಕಿ ನೆನೆಹಾಕಿ, ಬೆಳಿಗ್ಗೆ ಬೇಗ ಎದ್ದು, ಮಲಗಿದ್ದ ನೆಂಟರನ್ನು ಎಬ್ಬಿಸೋದು ಬೇಡ ಅಂತ ಒಬ್ಬರೇ ಇಳಿಸೋಕೆ ಹೋಗಿದ್ದರಂತೆ. "ಇದು ರಿಪೇರಿ ಆಗ್ತೈತೇನ್ರಿ?" ಅಂತ ಮೊದಲು ಕೇಳಿದ್ದು ಗ್ರೈಂಡರ್ ಬಗ್ಗೆ. ನನಗೆ ಅವತ್ತು ಸಿಟ್ಟೇ ಬಂತು. ಅವರ ಮೇಲಲ್ಲ, ಅವರಿಗೆ ಅದನ್ನು ಮೇಲಿಡು ಅಂತ ಹೇಳಿಕೊಟ್ಟವರ ಮೇಲೆ.

ಮೇಲಿಟ್ಟರೆ ಮಷಿನ್ನಿಗೂ ಒಳ್ಳೆಯದಲ್ಲ. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ, ಒಗ್ಗರಣೆ ಹೊಗೆಯೂ ಅದರ ಜೊತೆ ಹೋಗುತ್ತೆ. ಅಟ್ಟದ ಸಾಮಾನನ್ನು ಒಂದು ಸಲ ಬೆರಳಿಂದ ಉಜ್ಜಿ ನೋಡಿ, ಎಣ್ಣೆ ಜಿಡ್ಡು, ಧೂಳು ಸೇರಿ ಅಂಟು ಆಗಿರುತ್ತೆ. ಏಪ್ರಿಲ್ ಬಿಸಿಲಿಗೆ, ಅದರಲ್ಲೂ ಮೇಲಿನ ಮಹಡಿ ಮನೆಯಾದರೆ, ಸ್ಲ್ಯಾಬ್ ಕೆಳಗಿನ ಆ ಎರಡಡಿ ಜಾಗ ಚೆನ್ನಾಗಿ ಕಾಯುತ್ತೆ. ಗ್ರೈಂಡರಿನ ಡ್ರಮ್ ತಿರುಗೋದು ರಬ್ಬರ್ ಬೆಲ್ಟಿನಿಂದ. ಕಾವಿಗೆ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತೆ. ಒಳಗಿನ ದಂಡ ತಿರುಗೋ ಬಳೆಗೆ, ಅಂದರೆ ಬುಷ್‌ಗೆ, ಹಾಕಿದ ಎಣ್ಣೆ ಒಣಗಿ ಗೋಂದಿನ ಹಾಗೆ ಆಗುತ್ತೆ. ಆರು ತಿಂಗಳಾದ ಮೇಲೆ ಇಳಿಸಿ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. ತಿರುಗುತ್ತೇನೋ ಅಂತ ಕಾಯ್ತಾ ಸ್ವಿಚ್ ಹಾಗೇ ಬಿಟ್ಟಿರೋ, ಮೋಟಾರಿನ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟು ಹೋಗುತ್ತೆ. ಗುಂಯ್ ಅಂದ ತಕ್ಷಣ ಸ್ವಿಚ್ ಆರಿಸಬೇಕು, ಇದನ್ನು ಎಲ್ಲರೂ ನೆನಪಿಡಿ.

ಇನ್ನು ಇಲಿ. "ನಾವು ಬಾಕ್ಸ್ ಸಮೇತ ಜೋಪಾನ ಮಾಡೀವ್ರಿ" ಅನ್ನೋರೇ ಜಾಸ್ತಿ. ರಟ್ಟಿನ ಬಾಕ್ಸು, ಥರ್ಮಾಕೋಲ್, ಕತ್ತಲೆ, ಯಾರೂ ಮುಟ್ಟಲ್ಲ. ಇಲಿಗೆ ಇದಕ್ಕಿಂತ ಒಳ್ಳೆ ಮನೆ ಬೇಕಾ? ಒಂದು ಗ್ರೈಂಡರಿನ ತಳ ಬಿಚ್ಚಿದಾಗ ಮೋಟಾರಿನ ಸುತ್ತ ಎರಡು ಹಿಡಿ ಮಂಡಕ್ಕಿ ಸಿಕ್ಕಿತ್ತು. ಮಂಡಕ್ಕಿ ಡಬ್ಬಿ ಇಲ್ಲದ ಮನೆ ಈ ಊರಲ್ಲಿ ಇಲ್ಲ, ಇಲಿಗೂ ಅದು ಗೊತ್ತು. ವೈರ್ ಮೂರು ಕಡೆ ಕಡಿದಿತ್ತು. ಅದನ್ನು ನೋಡದೆ ಪ್ಲಗ್ ಹಾಕಿದ್ದರೆ ಗ್ರೈಂಡರಿನ ಉಕ್ಕಿನ ಮೈಗೆ ಕರೆಂಟು ಬಂದಿರೋದು.

"ಅಟ್ಟ ಆರ್‌ಸಿಸಿ, ಏನೂ ಆಗಲ್ಲ" ಅಂತಾರೆ. ಅಟ್ಟ ಬೀಳುತ್ತೆ ಅಂತ ನಾನು ಹೇಳಿಲ್ಲ, ನೀವು ಬೀಳ್ತೀರಿ ಅಂತ ಹೇಳ್ತಾ ಇದ್ದೀನಿ. "ಮಗ ಇಳಿಸಿಕೊಡ್ತಾನೆ" ಅಂತಾರೆ. ಮಗ ಬೆಂಗಳೂರಲ್ಲಿ, ಬರೋದು ಯುಗಾದಿಗೆ, ದೀಪಾವಳಿಗೆ. ಉಳಿದ ದಿನ ಇಡ್ಲಿ ಹಿಟ್ಟಿಗೆ ಮಿಕ್ಸಿ ತಿರುಗಿಸಿ ತಿರುಗಿಸಿ, ಅದು ಬಿಸಿಯಾಗಿ ಮೋಟಾರಿಗೆ ಕರೆಂಟು ಕೊಡೋ ಕಾರ್ಬನ್ ತುಂಡು ಸವೆದು ನನ್ನ ಹತ್ತಿರ ಬರುತ್ತೆ. ಅಟ್ಟಕ್ಕೆ ಹೋದ ಗ್ರೈಂಡರ್ ಅಪರೂಪಕ್ಕೆ ಬಳಕೆಯಾಗೋದು ಅಟ್ಟಕ್ಕೆ ಹೋಗಿದ್ದರಿಂದಲೇ. ಇಳಿಸೋ ಕಷ್ಟಕ್ಕೆ ಹೆದರಿ ಬಳಸೋದು ಬಿಡ್ತೀರಿ, ಆಮೇಲೆ ಬಳಸಲ್ಲವಲ್ಲ ಅಂತ ಅಲ್ಲೇ ಬಿಡ್ತೀರಿ.

ನಮ್ಮ ಹಿರಿಯರನ್ನು ನೋಡಿ. ಹಳೇ ಪೇಟೆ ಮನೆಗಳಲ್ಲಿ ಒರಳುಕಲ್ಲನ್ನು ನೆಲದಲ್ಲಿ ಹೂತಿರ್ತಿದ್ದರು. ಬೀಸೋಕಲ್ಲು ಗೋಡೆ ಪಕ್ಕ ನೆಲದ ಮೇಲೆ. ಅಟ್ಟಕ್ಕೆ ಏರಿದ್ದು ಮದುವೆಗೆ ಮಾತ್ರ ಬೇಕಾಗೋ ಕೊಪ್ಪರಿಗೆ, ಅದನ್ನೂ ಏಣಿ ಹಾಕಿ ಇಬ್ಬರು ಗಂಡಸರು ಇಳಿಸೋರು. ಕಲ್ಲನ್ನು ಯಾರೂ ಮೇಲೆ ಇಟ್ಟಿರಲಿಲ್ಲ. ಗ್ರೈಂಡರ್ ಅಂದರೆ ಮೋಟಾರ್ ಕಟ್ಟಿದ ಒರಳೇ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಅವರು ಮಾಡಿದ್ದೂ ಅದನ್ನೇ, ರುಬ್ಬೋ ಕಲ್ಲಿಗೆ ಮೋಟಾರ್ ಕೂಡಿಸಿದರು. ಇವತ್ತು ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಭಾರದ ಕಲ್ಲು ನಿಧಾನಕ್ಕೆ ಅರೆಯೋದರಿಂದಲೇ ಹಿಟ್ಟು ಕಾಯದೆ ನುಣ್ಣಗಾಗೋದು, ಉದ್ದು ಉಬ್ಬೋದು. ಭಾರ ಅದರ ಗುಣ. ಆ ಗುಣಕ್ಕೆ ತಕ್ಕ ಜಾಗ ಕೊಡಿ.

ಈಗ ಕೆಳಗೆ ಇಡೋ ಕ್ರಮ. ಕಟ್ಟೆ ಕೆಳಗಿನ ಕಡಪ ಕಲ್ಲಿನ ಖಾನೆಗಳಲ್ಲಿ ಒಂದರ ಅಡಿಯಲ್ಲಿ ಒಂದೂವರೆ ಅಡಿ ಚೌಕ ಖಾಲಿ ಮಾಡಿ. ಹಳೇ ಪಾತ್ರೆ, ಮುಚ್ಚಳ ಇಲ್ಲದ ಡಬ್ಬಿ ಅಲ್ಲಿ ಎಷ್ಟು ಇರ್ತವೆ ಅಂತ ನಿಮಗೂ ಗೊತ್ತು, ಅವು ಅಟ್ಟಕ್ಕೆ ಹೋಗಲಿ. ಬಡಗಿ ಹತ್ತಿರ 18 ಮಿ.ಮೀ. ದಪ್ಪದ, ನೀರು ತಡೆಯೋ ಪ್ಲೈವುಡ್ ತುಂಡು ಕತ್ತರಿಸಿಕೊಳ್ಳಿ. ಐಎಸ್ 710 ಅಂತ, ಅಂದರೆ ಮರೀನ್ ಪ್ಲೈವುಡ್ ಅನ್ನೋ ಮುದ್ರೆ ಇದ್ದರೆ ಒಳ್ಳೆಯದು. ನಾಲ್ಕು ಮೂಲೆಗೆ ಎರಡು ಇಂಚಿನ ಗಾಲಿ, ಅದರಲ್ಲಿ ಎರಡಕ್ಕೆ ಬ್ರೇಕ್ ಇರಲಿ. ಗ್ರೈಂಡರ್ ಜಾರದ ಹಾಗೆ ಅಂಚಿಗೆ ಅರ್ಧ ಇಂಚಿನ ಪಟ್ಟಿ ಹೊಡೆಸಿ. ರುಬ್ಬೋವಾಗ ಬ್ರೇಕ್ ಹಾಕೋದು ಮರೆಯಬೇಡಿ, ಇಲ್ಲದಿದ್ದರೆ ಅದರ ನಡುಕಕ್ಕೆ ಹಲಗೆ ತಾನೇ ನಡೆಯುತ್ತೆ.

ಸಿಲಿಂಡರ್ ಪಕ್ಕದ ಖಾನೆಯಲ್ಲಿ ಮಾತ್ರ ಗ್ರೈಂಡರ್ ಓಡಿಸಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗಲ್ಲ, ನೆಲದ ಮೇಲೇ ಹರಡುತ್ತೆ. ಸ್ವಿಚ್ಚಿನ ಒಂದು ಕಿಡಿ ಸಾಕು. ಅದಕ್ಕೇ ಗಾಲಿ ಹಲಗೆ ಅಂದಿದ್ದು. ಹೊರಗೆ ಎಳೆದುಕೊಂಡು, ನಡುಮನೆ ಬಾಗಿಲ ಹತ್ತಿರ, ಗಾಳಿ ಆಡೋ ಕಡೆ ಮಣೆ ಹಾಕಿ ಕೂತು ರುಬ್ಬಿ. ಬೆಣ್ಣೆ ದೋಸೆ ಹಿಟ್ಟಿಗೆ ಕೊನೆಗೆ ನೆನೆಸಿದ ಮಂಡಕ್ಕಿ ಹಾಕೋವಾಗ ಕೂತು ನೋಡಿಕೊಳ್ಳೋದು ಸುಲಭವೂ ಹೌದು. ತೊಳೆದ ಮೇಲೆ ಕಲ್ಲು ತೆಗೆದು ಬೋರಲು ಹಾಕಿ ಒಂದು ರಾತ್ರಿ ಒಣಗಿಸಿ, ಆಮೇಲೆ ಮುಚ್ಚಿ. ಹಸಿ ಕಲ್ಲಿಗೆ ಮುಚ್ಚಳ ಹಾಕಿದರೆ ಮುಂದಿನ ಹಿಟ್ಟು ಬೂಷ್ಟು ವಾಸನೆ ಹೊಡೆಯುತ್ತೆ. ಬಳಕೆ ಇಲ್ಲದ ತಿಂಗಳಲ್ಲೂ ಒಂದು ಸಲ ಒಂದು ಲೋಟ ನೀರು ಹಾಕಿ ಐದು ನಿಮಿಷ ತಿರುಗಿಸಿ. ಒಣ ಕಲ್ಲು ತಿರುಗಿಸಬೇಡಿ.

ಉಳಿದವು ಬೇಗ ಮುಗಿಯುತ್ತವೆ. ಮಿಕ್ಸಿ ದಿನಾ ಬೇಕು, ಕಟ್ಟೆ ಮೂಲೆಯಲ್ಲೇ ಇರಲಿ, ಜಾರುಗಳು ಮಾತ್ರ ಶೆಲ್ಫಿಗೆ ಹೋಗಲಿ. ಇಂಡಕ್ಷನ್ ಒಲೆ ತೆಳ್ಳಗಿದೆ, ತಟ್ಟೆ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿಡಬಹುದು. ಓವನ್ನಿಗೆ ಮೂರು ಕಡೆ ನಾಲ್ಕು ಇಂಚು ಗಾಳಿ ಬಿಡಿ, ಮೇಲೆ ಏನೂ ಹೇರಬೇಡಿ. ಅದನ್ನು ಫ್ರಿಜ್ ಮೇಲೆ ಇಡೋರು ಬಹಳ. ಎರಡು ಬಾಗಿಲಿನ ಫ್ರಿಜ್ ಮೇಲಿಟ್ಟ ಓವನ್ನಿಂದ ಕುದಿಯೋ ಸಾರಿನ ಬಟ್ಟಲು ತೆಗೆಯೋದು ಅಂದರೆ ಅದು ಮುಖದ ಮೇಲೆಯೇ ಬರುತ್ತೆ. ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆಸಿ ಎದೆ ಮಟ್ಟದಲ್ಲಿ ಇಡಿ. ಬಾಡಿಗೆ ಮನೆ ಅಂತ ಗೋಡೆಗೆ ಹೊಡೆಯೋಕಾಗದಿದ್ದರೆ ನಡುಮನೆಯ ಗಟ್ಟಿ ಮೇಜಿನ ಮೇಲೆ ಇರಲಿ. ಓವನ್ ಅಡುಗೆಮನೆಯಲ್ಲೇ ಇರಬೇಕು ಅಂತ ಏನಿಲ್ಲ.

ನೀವು ಕೇಳದ ಇನ್ನೊಂದು ಮಾತು ಹೇಳಲೇಬೇಕು. ಈ ಸಾಮಾನುಗಳು ತಪ್ಪು ಜಾಗಕ್ಕೆ ಹೋಗೋದು ಜಾಗ ಇಲ್ಲ ಅಂತ ಅಷ್ಟೇ ಅಲ್ಲ, ಪ್ಲಗ್ ಪಾಯಿಂಟ್ ಇಲ್ಲ ಅಂತಲೂ ಹೌದು. ನಮ್ಮ ಕಡೆ ಹಳೇ ಬಾಡಿಗೆ ಮನೆಗಳ ಅಡುಗೆಮನೆಯಲ್ಲಿ ಒಂದೇ ಪಾಯಿಂಟ್, ಅದೂ 6 ಆಂಪಿಯರಿನದ್ದು. ಗ್ರೈಂಡರ್ ಸುಮಾರು 150 ವ್ಯಾಟ್, ಒಂದು ಆಂಪಿಯರನ್ನೂ ಎಳೆಯಲ್ಲ. ಮಿಕ್ಸಿ 750 ವ್ಯಾಟ್ ಆದರೂ ಮೂರು ಆಂಪಿಯರ್ ಸುಮಾರು. ಇವೆರಡಕ್ಕೂ ಆ ಪಾಯಿಂಟ್ ಸಾಕು. 2000 ವ್ಯಾಟಿನ ಇಂಡಕ್ಷನ್ ಒಲೆ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತೆ. ಅದಕ್ಕೆ 16 ಆಂಪಿಯರಿನ ದೊಡ್ಡ ಪಾಯಿಂಟೇ ಬೇಕು. ದೊಡ್ಡ ಪಿನ್ನು ಕೂರಲ್ಲ ಅಂತ ಕನ್ವರ್ಟರ್ ಪ್ಲಗ್ ಹಾಕ್ತೀರಲ್ಲ, ಆ ಪ್ಲಗ್ ಕಂದು ಬಣ್ಣಕ್ಕೆ ತಿರುಗಿ ಕರಗಿರೋದನ್ನು ವಾರಕ್ಕೆ ಒಂದಾದರೂ ನೋಡ್ತೀನಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಓವನ್, ಇಂಡಕ್ಷನ್ ಎರಡೂ ಸಿಕ್ಕಿಸೋದಂತೂ ಇವತ್ತೇ ನಿಲ್ಲಿಸಿ.

ಗ್ರೈಂಡರ್ ನೀರಿನ ಜೊತೆ ಕೆಲಸ ಮಾಡೋ ಮಷಿನ್, ಬಾಡಿ ಲೋಹದ್ದು, ನೀವು ಕೂತಿರೋದು ಒದ್ದೆ ನೆಲದ ಮೇಲೆ. ಮೂರು ಪಿನ್ನಿನ ಪ್ಲಗ್ಗೇ ಬೇಕು, ಆ ಮೂರನೇ ಪಿನ್ನಿಗೆ ಗೋಡೆಯಲ್ಲಿ ನಿಜವಾಗಿ ಅರ್ಥಿಂಗ್ ಇರಬೇಕು. ಎಷ್ಟೋ ಮನೆಯಲ್ಲಿ ತೂತು ಮೂರು ಇರ್ತವೆ, ಹಿಂದೆ ತಂತಿ ಎರಡೇ. ಎಲೆಕ್ಟ್ರಿಷಿಯನ್ ಕರೆಸಿ ಟೆಸ್ಟ್ ಲ್ಯಾಂಪ್ ಹಾಕಿ ನೋಡಿಸಿ. ಮನೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅನ್ನೋ ಸುರಕ್ಷಾ ಸ್ವಿಚ್ ಹಾಕಿಸಿದರೆ ಕರೆಂಟು ಸೋರಿದ ಕ್ಷಣಕ್ಕೇ ಲೈನ್ ಕಟ್ ಆಗುತ್ತೆ.

ಬಾಡಿಗೆ ಮನೆಯವರು ಓನರ್ ಹತ್ತಿರ ಎರಡು ಪಾಯಿಂಟ್ ಕೇಳಿ. ಓವನ್, ಇಂಡಕ್ಷನ್ನಿಗೆ ಕಟ್ಟೆ ಮೇಲೆ 16 ಆಂಪಿಯರಿನದ್ದು ಒಂದು, ತಂತಿ 2.5 ಚದರ ಮಿ.ಮೀ.ಗಿಂತ ಸಣ್ಣದು ಬೇಡ. ಗ್ರೈಂಡರಿಗೆ ಬಾಗಿಲ ಪಕ್ಕದ ಗೋಡೆಯಲ್ಲಿ 6 ಆಂಪಿಯರಿನದ್ದು ಇನ್ನೊಂದು. ಅದನ್ನು ನೆಲಕ್ಕೆ ಹತ್ತಿರ ಇಡಿಸಬೇಡಿ, ನೀರೂ ಗ್ಯಾಸೂ ಇರೋದು ಕೆಳಗೇ. ಎರಡೂವರೆ, ಮೂರಡಿ ಎತ್ತರದಲ್ಲಿ ಇದ್ದರೆ ಗ್ರೈಂಡರಿನ ವೈರ್ ಆರಾಮಾಗಿ ಎಟುಕುತ್ತೆ. "ಓನರ್ ಒಪ್ಪಲ್ರಿ" ಅಂತೀರಿ. ಕೇಸಿಂಗ್ ಪಟ್ಟಿಯಲ್ಲಿ ಗೋಡೆ ಮೇಲೇ ತಂತಿ ಎಳೆದರೆ ಗೋಡೆ ಒಡೆಯೋದಿಲ್ಲ, ಅರ್ಧ ದಿನದ ಕೆಲಸ ಅಂತ ಹೇಳಿ ನೋಡಿ. ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಹಾಗೆ ಹೇಳಿ ಮಾಡಿಸಿಕೊಂಡರು.