ಮಾರಿಂಗ್: ಪಾಲಿಶ್ ತಾನೇ ಬಿಟ್ಟುಹೋಗುವ ಗೀರು

ಕಾರಿಗೆ ಪಾಲಿಶ್ ಮಾಡುವಾಗ ಮಷೀನಿನ ಪ್ಯಾಡ್, ಪಾಲಿಶ್‌ನಲ್ಲಿರುವ ಕಣಗಳು ಅಥವಾ ಕೊನೆಗೆ ಒರೆಸುವ ಬಟ್ಟೆ ಪೇಂಟ್ ಮೇಲೆ ತೀರಾ ಸಣ್ಣ ಗೀರು ಬಿಡುತ್ತವೆ. ಡಿಟೇಲಿಂಗ್, ಅಂದರೆ ಕಾರನ್ನು ಚೊಕ್ಕ ಮಾಡಿ ಹೊಳಪು ಕೊಡುವ ಕೆಲಸದವರು ಇದಕ್ಕೆ ಮಾರಿಂಗ್ ಎನ್ನುತ್ತಾರೆ. ಗೀರುಗಳು ಬಿಡಿಬಿಡಿಯಾಗಿ ಕಾಣದೆ ಒಟ್ಟಿಗೆ ಮಬ್ಬು ಕವಿದಂತೆ ಕಂಡರೆ ಹೇಝ್ ಅನ್ನುವುದೂ ಉಂಟು. ಮೆತ್ತನೆ ಪೇಂಟ್ ಇರುವ ಗಾಡಿಗಳಲ್ಲಿ ಈ ಕಾಟ ಜಾಸ್ತಿ.

ಮೆತ್ತನೆ ಅಂದರೆ ಬೆರಳಿಗೆ ಗೊತ್ತಾಗುವಂಥದ್ದಲ್ಲ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ ಇರುತ್ತದೆ. ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ಕಡಿಮೆ. ಪಾಲಿಶ್ ತೇಯುವುದು ಇದನ್ನೇ. ಜಪಾನಿ ಗಾಡಿಗಳ ಪೇಂಟ್ ಮೆತ್ತಗೆ, ಜರ್ಮನ್ ಗಾಡಿಗಳದು ಗಟ್ಟಿ ಅನ್ನುವ ಮಾತಿದೆ. ಅದನ್ನೇ ನಂಬಿ ಕೆಲಸಕ್ಕೆ ಇಳಿಯಬಾರದು ಅಂತ ನನ್ನ ಅನಿಸಿಕೆ. ಯಾಕಂದ್ರೆ ಒಂದೇ ಗಾಡಿಯಲ್ಲಿ ಎರಡೂ ಇರಬಹುದು. ಫ್ಯಾಕ್ಟರಿಯಲ್ಲಿ ಪೇಂಟನ್ನು ಸುಮಾರು 140 ಡಿಗ್ರಿ ಬಿಸಿಯಲ್ಲಿ ಒಣಗಿಸುತ್ತಾರೆ. ಗಾಜು, ರಬ್ಬರ್, ವೈರಿಂಗ್ ಎಲ್ಲ ಇರುವ ಗಾಡಿಗೆ ಗ್ಯಾರೇಜಿನಲ್ಲಿ ಅಷ್ಟು ಬಿಸಿ ಕೊಡಲು ಆಗುವುದಿಲ್ಲ, ಪೇಂಟ್ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಒಣಗಿಸುತ್ತಾರೆ. ಹಾಗಾಗಿ ಮತ್ತೆ ಪೇಂಟ್ ಮಾಡಿಸಿದ ಬಾಗಿಲು ಪಕ್ಕದ ಬಾಗಿಲಿಗಿಂತ ಮೆತ್ತಗಿರಬಹುದು.

ವಿಜಯಪುರದಲ್ಲಿ ಗಾಡಿ ಇಟ್ಟವರಿಗೆ ಧೂಳಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಬಾನೆಟ್ ಒರೆಸುವುದು ಇಲ್ಲಿ ಮನೆಮನೆಯ ರೂಢಿ. ಧೂಳಿನಲ್ಲಿರುವ ಮರಳಿನ ಕಣ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ, ಒರೆಸಿದಷ್ಟೂ ಗೀರು. ಬಿಸಿಲಿಗೆ ನಿಂತರೆ ಸೂರ್ಯನ ಬಿಂಬದ ಸುತ್ತ ಉಂಗುರ ಉಂಗುರವಾಗಿ ಕಾಣುತ್ತವಲ್ಲ, ಅವೇ ಇವು. ಕಪ್ಪು ಗಾಡಿಯಲ್ಲಂತೂ ಎದ್ದು ಕಾಣುತ್ತವೆ. ಆಗ ರಬ್ಬಿಂಗ್ ಮಾಡಿಸುತ್ತಾರೆ. ಉಣ್ಣೆ ಪ್ಯಾಡ್, ಒರಟು ಕಾಂಪೌಂಡ್ (ದಪ್ಪ ಕಣದ ಪಾಲಿಶ್), ಮೇಲೆ ಕೈಯ ಭಾರ. ನೆರಳಲ್ಲಿ ಗಾಡಿ ಫಳಫಳ ಹೊಳೆಯುತ್ತದೆ. ಆದರೆ ಪಾಲಿಶ್‌ನ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಅದನ್ನು ಮುಚ್ಚಿರುತ್ತದೆ. ಕೆಲವು ಸಲ ತೊಳೆಯುವಷ್ಟರಲ್ಲಿ ಮಬ್ಬು ಹೊರಬರುತ್ತದೆ. ಗೀರು ಹೋಗಿಲ್ಲ ಅಂತ ಮತ್ತೆ ಒತ್ತಿ ತಿಕ್ಕಿಸುತ್ತಾರೆ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ. ಮೆತ್ತನೆ ಪೇಂಟ್‌ಗೆ ಬೇಕಾದದ್ದು ಕಡಿಮೆ ಬಲ. ಮೇಲಾಗಿ, ತೇದುಹೋದ ಕ್ಲಿಯರ್ ಕೋಟ್ ತಿರುಗಿ ಬರುವುದಿಲ್ಲ.

ಮೊದಲು ಎರಡು ಅಂಗೈ ಅಗಲದ ಜಾಗದಲ್ಲಿ ಪರೀಕ್ಷೆ ಮಾಡಬೇಕು. ಮೆತ್ತನೆ ಫೋಮ್ ಪ್ಯಾಡ್, ನಯವಾದ ಫಿನಿಶಿಂಗ್ ಪಾಲಿಶ್, ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆಕ್ಷನ್ ಮಷೀನ್. ಅದರಲ್ಲೇ ಕೆಲಸ ಆದರೆ ಒರಟು ಕಾಂಪೌಂಡ್ ಸುಮ್ನೆ ಯಾಕೆ? ಕೆಲವು ಪಾಲಿಶ್‌ಗಳಲ್ಲಿ ಕಣಗಳು ತಿಕ್ಕುತ್ತಾ ಹೋದಂತೆ ಪುಡಿಯಾಗಿ ಸಣ್ಣದಾಗುತ್ತವೆ. ಅಂಥದ್ದನ್ನು ಅರ್ಧಕ್ಕೆ ನಿಲ್ಲಿಸಿದರೆ ದೊಡ್ಡ ಕಣದ ಗುರುತು ಹಾಗೇ ಉಳಿಯುತ್ತದೆ. ಕೊನೆಯ ಸುತ್ತಿನಲ್ಲಿ ಮಷೀನಿನ ಭಾರವೇ ಸಾಕು, ಕೈ ಒತ್ತಬಾರದು. ತೇದ ಪೇಂಟ್ ಪ್ಯಾಡಿನಲ್ಲಿ ಸೇರಿಕೊಂಡು ಅದೇ ಗೀರು ಎಳೆಯುತ್ತದೆ. ಆದ್ದರಿಂದ ಒಂದೊಂದು ಭಾಗ ಮುಗಿದಾಗಲೂ ಪ್ಯಾಡನ್ನು ಬ್ರಷ್‌ನಿಂದ ಚೊಕ್ಕ ಮಾಡಬೇಕು. ನಮ್ಮ ಬೇಸಿಗೆಯಲ್ಲಿ ನೆರಳು, ತಣ್ಣಗಿನ ಬಾನೆಟ್ ಎರಡೂ ಬೇಕು. ಬಿಸಿ ತಗಡಿನ ಮೇಲೆ ಪಾಲಿಶ್ ಬೇಗ ಒಣಗಿ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಲು ತಿಕ್ಕಿದರೆ ಮತ್ತೆ ಗೀರು.

ಒರೆಸುವ ಬಟ್ಟೆಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉದ್ದ ಎಳೆಯ ಮೆತ್ತನೆ ಮೈಕ್ರೋಫೈಬರ್ ಬಟ್ಟೆಯನ್ನು ತೊಳೆದು, ಲೇಬಲ್ ಕತ್ತರಿಸಿ, ಮಡಚಿ ಹಗುರವಾಗಿ ಎಳೆಯಬೇಕು. ಎಣ್ಣೆ ತೆಗೆದು ನೋಡಲು ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಸಿಂಪಡಿಸುತ್ತಾರೆ. ಅದನ್ನೂ ಧಾರಾಳವಾಗಿ ಸಿಂಪಡಿಸಿ, ಆರುವ ಮೊದಲೇ ಒರೆಸಬೇಕು. ತೀರಾ ಮೆತ್ತನೆ ಪೇಂಟ್ ಆಗಿದ್ದರೆ, ಆರಿದ ಮೇಲೆ ಒರೆಸಿದರೂ ಗೀರು ಬೀಳುತ್ತದೆ.