ಆಫೀಸಲ್ಲಿ ಯಾವ ಮೂಲೆ ದುಂಡಗಿರ್ಬೇಕು?

ಹೊಸ ಆಫೀಸಿನ ಇಂಟೀರಿಯರ್ ಕೆಲಸ ಬಂದ್ರೆ ಡ್ರಾಯಿಂಗ್ ಹಾಕೋಕೆ ಮುಂಚೆ ನಾನು ಅವರ ಹಳೇ ಆಫೀಸಿಗೆ ಹೋಗಿ ಒಂದು ಗಂಟೆ ಸುಮ್ನೆ ಕೂತ್ಕೋತೀನಿ, ಮೂಲೆಗಳನ್ನ ನೋಡ್ತೀನಿ. ಪ್ಯಾಂಟ್ರಿ ಕಡೆ ತಿರುಗೋ ಗೋಡೆ ಸೊಂಟದ ಎತ್ತರದಲ್ಲಿ ಬ್ಯಾಗು ಉಜ್ಜಿ ಉಜ್ಜಿ ಕಪ್ಪಾಗಿರತ್ತೆ, ಪಕ್ಕದ ಟೇಬಲ್ ಮೂಲೇಲಿ ಎಡ್ಜ್ ಬ್ಯಾಂಡ್, ಅಂದ್ರೆ ಅಂಚಿಗೆ ಅಂಟಿಸೋ ಪಟ್ಟಿ, ಎದ್ದು ಬಂದಿರತ್ತೆ. ಜನ ಅಲ್ಲಿ ದಿನಾ ತಾಗಿಸ್ಕೊಂಡೇ ಹೋಗ್ತಿದಾರೆ ಅಂತ ಅರ್ಥ. ಒಂದ್ಸಲ ಗರ್ಭಿಣಿಯೊಬ್ರು ಎರಡು ಟೇಬಲ್ ಮಧ್ಯೆ ಹೊಟ್ಟೆಗೆ ಕೈ ಅಡ್ಡ ಇಟ್ಕೊಂಡು ಓರೆಯಾಗಿ ಹೋಗೋದನ್ನ ನೋಡಿದೆ, ಅವತ್ತಿಂದ ಓಡಾಡೋ ದಾರೀಲಿ ಚೂಪು ಮೂಲೆ ಬಿಡೋಕೆ ಮನಸ್ಸೇ ಬರಲ್ಲ.

ಕ್ಲೈಂಟುಗಳು ತೋರ್ಸೋ ಫೋಟೋದಲ್ಲಿ ಮಾತ್ರ ಅಲೆ ಅಲೆ ಸೀಲಿಂಗೇ ಇರತ್ತೆ. ಚೆನ್ನಾಗಿ ಕಾಣತ್ತೆ, ಇಲ್ಲ ಅನ್ನಲ್ಲ. 2013ರಲ್ಲಿ ಮನೋವಿಜ್ಞಾನಿ ಓಶಿನ್ ವರ್ಟೇನಿಯನ್ ಅವರ ತಂಡ ಜನರನ್ನ ಎಂಆರ್‌ಐ ಮೆಷಿನ್ ಒಳಗೆ ಮಲಗಿಸಿ ರೂಮುಗಳ ಫೋಟೋ ತೋರಿಸಿದಾಗ ಬಾಗಿದ ಗೆರೆ ಇರೋ ರೂಮುಗಳನ್ನೇ ಚೆಂದ ಅಂತ ಹೆಚ್ಚಾಗಿ ಹೇಳಿದ್ರು, ಆದ್ರೆ ಒಳಗೆ ಹೋಗ್ತೀರಾ ಬಿಡ್ತೀರಾ ಅಂತ ಕೇಳಿದ್ದಕ್ಕೆ ಆಕಾರದಿಂದ ಉತ್ತರ ಬದಲಾಗ್ಲಿಲ್ಲ. ಕಣ್ಣಿಗೆ ಚೆಂದ ಅನ್ಸೋದೇ ಬೇರೆ, ಮೈಗೆ ಹಿತ ಆಗೋದೇ ಬೇರೆ. ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ 1939ರಲ್ಲಿ ಅಮೆರಿಕದ ರಸೀನ್ ಊರಲ್ಲಿ ಮುಗಿಸಿದ ಜಾನ್ಸನ್ ವ್ಯಾಕ್ಸ್ ಕಂಪನಿ ಆಫೀಸ್ ನನಗೆ ಇಷ್ಟ ಆಗೋದು ಇದಕ್ಕೇ, ಅಲ್ಲಿ ಕಟ್ಟಡದ ಮೂಲೆ ಜೊತೆ ಕೆಲಸದ ಟೇಬಲ್ ತುದೀನೂ ದುಂಡಗಿದೆ.

ನಮ್ಮ ಕಾರ್ಪೆಂಟರ್‌ಗಳು ಮೊದಲು ಹೇಳೋದು "ಮೇಡಂ, ರೌಂಡ್ ಮಾಡಿದ್ರೆ ಪಟ್ಟಿ ಏಳತ್ತೆ" ಅಂತ. ಹೌದು, ತೀರಾ ಸಣ್ಣ ರೇಡಿಯಸ್ ಕೊಟ್ಟು 2 ಎಂಎಂ ಪಿವಿಸಿ ಪಟ್ಟಿ ಬಗ್ಗಿಸಿದ್ರೆ ಬೆಳ್ಳಗಾಗಿ ಏಳತ್ತೆ, ಅದಕ್ಕೆ 75 ಎಂಎಂ ಕೊಡ್ತೀನಿ, ಹೀಟ್ ಗನ್‌ನಲ್ಲಿ ಪಟ್ಟಿ ಬಿಸಿ ಮಾಡಿ ಅಂಟಿಸೋಕೆ ಹೇಳ್ತೀನಿ. ಗೋಡೆ ಮೂಲೆಗೆ ಸುಲಭವಾಗಿ ಬಗ್ಗೋ ಪ್ಲೈವುಡ್, ಅಂದ್ರೆ ಫ್ಲೆಕ್ಸಿ ಪ್ಲೈ, ಎರಡು ಪದರ ಸಾಕು. ಖರ್ಚು ಜಾಸ್ತಿ ಆಗತ್ತೆ, ಸೀಲಿಂಗಿನ ಅಲೆ ಬಿಟ್ರೆ ಆ ದುಡ್ಡು ಇಲ್ಲಿಗೆ ಬರತ್ತೆ.

ದುಂಡಗಿದ್ರೆ ಕೆಡೋ ಜಾಗಾನೂ ಇದೆ, ಮೀಟಿಂಗ್ ರೂಮು. ಒಳಕ್ಕೆ ಬಾಗಿದ ಗಾಜಿನ ಗೋಡೆ ಶಬ್ದಾನ ವಾಪಸ್ ಕಳ್ಸಿ ಒಂದೇ ಕಡೆ ಗುಡ್ಡೆ ಹಾಕತ್ತೆ. ವಿಜಯಪುರದ ಗೋಲಗುಮ್ಮಟದಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದ್ದು ಆಚೆ ತುದೀಲಿ ಕೇಳಿಸಿಕೊಂಡೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಒಂದು ಆಫೀಸಿಗೆ ಅಂಥ ರೂಮು ನಾನೇ ಮಾಡ್ಕೊಟ್ಟಿದ್ದೆ, ಮೂಲೇಲಿ ಕೂತೋರ ಪಿಸುಮಾತು ಎದುರಿನ ಕುರ್ಚಿಗೆ ಸ್ಪಷ್ಟವಾಗಿ ಕೇಳ್ತಿತ್ತು, ಆಮೇಲೆ ದಪ್ಪ ಬಟ್ಟೆಯ ಪ್ಯಾನೆಲ್ ಹಾಕಿಸ್ದೆ. ಈಗ ಗೋಡೆ ನೆಟ್ಟಗೆ, ಟೇಬಲ್ ಮಾತ್ರ ದುಂಡಗೆ. ತುದಿ ಕುರ್ಚಿ ಅಂತ ಒಂದು ಇರಲ್ಲ, ಹೊಸದಾಗಿ ಸೇರಿದ ಹುಡುಗ್ರೂ ಬಾಸ್ ಪಕ್ಕ ಕೂತು ಮಾತಾಡ್ತಾರೆ.

ಫೈನಲ್ ಮಾಡೋಕೆ ಮುಂಚೆ ಸೈಟ್ ನೆಲದ ಮೇಲೆ ಮಾಸ್ಕಿಂಗ್ ಟೇಪಲ್ಲಿ ತಿರುವನ್ನ ಪೂರ್ತಿ ಅಳತೇಲಿ ಅಂಟಿಸ್ತೀನಿ. ಆಮೇಲೆ ಟೀ ಕೊಡೋ ಅಣ್ಣನ್ನ ಕರೆದು, ಆರು ಕಪ್ ತುಂಬಿದ ಟ್ರೇ ಹಿಡ್ಕೊಂಡು ನಡೀರಿ ಅಂತೀನಿ. ಅವರು ತಿರುವಲ್ಲಿ ನಿಧಾನ ಮಾಡಿದ್ರೆ ಟೇಪ್ ಕಿತ್ತು ಇನ್ನೂ ಅಗಲ ಮಾಡ್ತೀನಿ.