ಒಂದು ಸಾಲು ತಿದ್ದಿದ್ದಕ್ಕೆ ಎಲ್ಲವೂ ಯಾಕೆ ಕಂಪೈಲ್ ಆಗಬೇಕು?

"ಸಾ, ಒಂದೇ ಲೈನು ತಿದ್ದಿದ್ದು. ಆದ್ರೂ ಎಲ್ಲಾ ಮೊದ್ಲಿಂದ ಬಿಲ್ಡ್ ಆಯ್ತಾ ಅದೆ."

ಹೀಗಂದವನು ನಮ್ಮ ತಂಡಕ್ಕೆ ಹೊಸದಾಗಿ ಬಂದ ಮಂಡ್ಯದ ಹುಡುಗ. ಮೈಸೂರಿನ ಹೆಬ್ಬಾಳದಲ್ಲಿ ನಮ್ಮ ಆಫೀಸು. ಅವನಿಗೆ ಸಿಕ್ಕಿದ್ದು ಟೆಸ್ಟಿಂಗಿಗೆ ಇಟ್ಟ ಹಳೇ ಕಂಪ್ಯೂಟರ್. ಅದಕ್ಕೆ ನೆಟ್‌ವರ್ಕ್ ಇಲ್ಲ. ಸೋರ್ಸ್ ಕೋಡನ್ನು ಟಾರ್ ಫೈಲ್ (ಎಲ್ಲ ಫೈಲುಗಳ ಒಂದೇ ಗಂಟು) ಮಾಡಿ ಪೆನ್‌ಡ್ರೈವಿನಲ್ಲಿ ತರಬೇಕು. ಒಂದು ಬಿಲ್ಡಿಗೆ, ಅಂದರೆ ಆ ಕೋಡನ್ನೆಲ್ಲ ಕಂಪೈಲ್ ಮಾಡಿ ಓಡುವ ಪ್ರೋಗ್ರಾಂ ಮಾಡುವುದಕ್ಕೆ, 40 ನಿಮಿಷ.

"ಮೇಕ್ ಕ್ಲೀನ್ ಕೊಟ್ಟೆಯೇನಪ್ಪ?"

"ನಾಕ್ ಸಲ ಕೊಟ್ಟೆ ಸಾ."

ಇದೇ ನೋಡಿ ನಮ್ಮವರ ಚಟ. ಮೇಕ್ ಅಂದರೆ ಯಾವ ಯಾವ ಫೈಲು ಕಂಪೈಲ್ ಆಗಬೇಕು ಅಂತ ನೋಡಿ ಮಾಡಿಸುವ ಪ್ರೋಗ್ರಾಂ; ಕ್ಲೀನ್ ಅಂದರೆ ತಯಾರಾದದ್ದನ್ನೆಲ್ಲ ಅಳಿಸುವುದು. ಬಿಲ್ಡ್ ಸ್ವಲ್ಪ ಮುನಿಸಿಕೊಂಡರೆ ಸಾಕು, ಮೇಕ್ ಕ್ಲೀನ್. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಅದಕ್ಕಿಂತ ಮೇಕ್ ಅನ್ನೇ ಕೇಳಬಹುದು ಅಲ್ವಾ? ಮೈನಸ್ ಎನ್ ಸೇರಿಸಿದರೆ ಏನೇನು ಮಾಡಲಿದೆ ಅಂತ ಬರೀ ಬಾಯಲ್ಲಿ ಹೇಳುತ್ತದೆ, ಮಾಡುವುದಿಲ್ಲ. ಗ್ನೂ ಮೇಕ್ (ಲಿನಕ್ಸಿನಲ್ಲಿ ಬಳಸುವ ಮೇಕ್) 4.0ರಿಂದ ಈಚೆಗೆ ಟ್ರೇಸ್ ಅನ್ನೋ ಆಯ್ಕೆಯೂ ಇದೆ. ಯಾವ ಫೈಲಿನ ದೆಸೆಯಿಂದ ಯಾವುದು ಮತ್ತೆ ಕಂಪೈಲ್ ಆಗುತ್ತಿದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಮೇಕ್ ಥರದ್ದೇ ಇನ್ನೊಂದು ಪ್ರೋಗ್ರಾಂ ನಿಂಜಾ ಬಳಸುವವರಿಗೆ ‘ಮೈನಸ್ ಡಿ ಎಕ್ಸ್‌ಪ್ಲೇನ್’ ಇದೆ.

ಮೇಕ್ ಹುಟ್ಟಿದ್ದು 1976ರಲ್ಲಿ, ಬೆಲ್ ಲ್ಯಾಬ್ಸಿನಲ್ಲಿ. ಬರೆದವರು ಸ್ಟುವರ್ಟ್ ಫೆಲ್ಡ್‌ಮನ್. ಅದರ ಲೆಕ್ಕ ಇವತ್ತಿಗೂ ಅಷ್ಟೇ. ಸೋರ್ಸ್ ಫೈಲು ಕೊನೆಗೆ ಬದಲಾದ ಸಮಯ, ಅದನ್ನು ಕಂಪೈಲ್ ಮಾಡಿ ಬಂದ ಆಬ್ಜೆಕ್ಟ್ ಫೈಲಿನ ಸಮಯಕ್ಕಿಂತ ಹೊಸದಾ? ಹೌದಾದರೆ ಮತ್ತೆ ಕಂಪೈಲ್. ಒಳಗೆ ಒಂದಕ್ಷರವಾದರೂ ಬದಲಾಗಿದೆಯಾ ಅಂತ ತೆರೆದು ನೋಡುವುದಿಲ್ಲ.

ಹುಡುಗನ ಮೆಷಿನ್ನಿನಲ್ಲಿ ಟ್ರೇಸ್ ಹಾಕಿದೆವು. ಹೆಚ್ಚು ಕಡಿಮೆ ಪ್ರತಿ ಸೋರ್ಸ್ ಫೈಲೂ ಹೊಸದು ಅನ್ನುತ್ತಿತ್ತು. ಆಗಷ್ಟೇ ತಯಾರಾದ ಆಬ್ಜೆಕ್ಟ್ ಫೈಲಿನ ತಾರೀಖು ನೋಡಿದರೆ ಎಷ್ಟೋ ವರ್ಷ ಹಳೇದು! ಮದರ್‌ಬೋರ್ಡಿನ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಟಾರ್ ಬಿಚ್ಚಿದಾಗ ಫೈಲುಗಳು ತಮ್ಮ ಹಳೇ ಸಮಯವನ್ನು ಇಟ್ಟುಕೊಂಡೇ ಬರುತ್ತವೆ. ಆ ಮೆಷಿನ್ನಿನ ಪಾಲಿಗೆ ಅವೆಲ್ಲ ನಾಳಿನ ಫೈಲುಗಳು. ಎಷ್ಟು ಸಲ ಕಂಪೈಲ್ ಮಾಡಿದರೂ ಆಬ್ಜೆಕ್ಟ್ ಫೈಲೇ ಹಿಂದೆ. ‘ಕ್ಲಾಕ್ ಸ್ಕ್ಯೂ’, ಅಂದರೆ ಗಡಿಯಾರ ತಾಳೆಯಾಗುತ್ತಿಲ್ಲ, ಅಂತ ಮೇಕ್ ಕೊನೇ ಸಾಲಿನಲ್ಲಿ ಎಚ್ಚರಿಸುತ್ತಲೇ ಇತ್ತು. ಓದಿದವರು ಯಾರು? ದೇವರಾಜ ಅರಸು ರಸ್ತೆಯ ವಾಚ್ ಅಂಗಡಿಯಿಂದ ಒಂದು ಸಿಆರ್2032 ಸೆಲ್ ತಂದು ಹಾಕಿ, ಸಮಯ ಸರಿಮಾಡಿದೆವು.

ಸತ್ತ ಬ್ಯಾಟರಿ ಅಪರೂಪ. ಜಾಸ್ತಿ ಸಿಗುವ ಕಳ್ಳ ವರ್ಷನ್ ಹೆಡರ್, ಅಂದರೆ ಪ್ರೋಗ್ರಾಮಿನ ಆವೃತ್ತಿ ಬರೆದಿಟ್ಟ, ಬೇರೆ ಫೈಲುಗಳು ತಮ್ಮೊಳಗೆ ಸೇರಿಸಿಕೊಳ್ಳುವ (ಇನ್‌ಕ್ಲೂಡ್ ಮಾಡುವ) ಫೈಲು. ಪ್ರತಿ ಬಿಲ್ಡಿನಲ್ಲೂ ಒಂದು ಸ್ಕ್ರಿಪ್ಟ್ ಆ ಫೈಲನ್ನು ಹೊಸದಾಗಿ ಬರೆಯುತ್ತದೆ. ಅದನ್ನು ನೂರು ಫೈಲು ಇನ್‌ಕ್ಲೂಡ್ ಮಾಡಿದ್ದರೆ ನೂರೂ ಮತ್ತೆ ಕಂಪೈಲ್. ಇದಕ್ಕೆ ಉಪಾಯ ಸುಲಭ. ಮೊದಲು ಬೇರೆ ಹೆಸರಿನಲ್ಲಿ ಬರೆಯಿರಿ, ಹಳೆಯದರ ಜೊತೆ ಹೋಲಿಸಿ, ವ್ಯತ್ಯಾಸ ಇದ್ದರೆ ಮಾತ್ರ ಅದರ ಜಾಗಕ್ಕೆ ಹಾಕಿ. ಕೋಡನ್ನು ಆಯಾ ಮೆಷಿನ್ನಿಗೆ ಹೊಂದಿಸುವ ಆಟೋಕಾನ್ಫ್ ಕೂಡ ಕಾನ್ಫಿಗ್ ಹೆಡರಿಗೆ ಇದನ್ನೇ ಮಾಡುತ್ತದೆ. ಹೆಡರಿನೊಳಗೆ ಬಿಲ್ಡ್ ಆದ ಗಂಟೆ ನಿಮಿಷ ತುರುಕಿದ್ದರೆ ಮಾತ್ರ ಈ ಉಪಾಯ ನಡೆಯಲ್ಲ. ಅದನ್ನು ಸುಮ್ನೆ ಕಿತ್ತು ಹಾಕಿ, ಯಾರೂ ಕೇಳುವುದಿಲ್ಲ.

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಬ್ರಾಂಚ್ (ಕೋಡಿನ ಒಂದು ಕವಲು) ಬದಲಿಸಿ ವಾಪಸ್ ಬಂದರೂ ಇದೇ ಪಾಡು. ಎರಡೂ ಬ್ರಾಂಚಿನಲ್ಲಿ ಬೇರೆಯಾಗಿರುವ ಫೈಲುಗಳಿಗೆ ಹೊಸ ಸಮಯ ಬೀಳುತ್ತದೆ. ಅದಕ್ಕೆ ನಾನು ವರ್ಕ್‌ಟ್ರೀ ಬಳಸುತ್ತೇನೆ. ಒಂದೊಂದು ಬ್ರಾಂಚಿಗೆ ಒಂದೊಂದು ಡೈರೆಕ್ಟರಿ.

ಇಷ್ಟಾದರೂ ತೀರದಿದ್ದರೆ ಸಿಸಿಕ್ಯಾಶ್ ಹಾಕಿಕೊಳ್ಳಿ. ಮೊದಲು ಬರೆದವರು ಲಿನಕ್ಸ್, ವಿಂಡೋಸ್ ನಡುವೆ ಫೈಲು ಹಂಚುವ ಸಾಂಬಾ ಖ್ಯಾತಿಯ ಆಂಡ್ರ್ಯೂ ಟ್ರಿಜೆಲ್. ಇದು ಸಮಯ ನೋಡಿ ನಿರ್ಧರಿಸುವುದಿಲ್ಲ. ಕೋಡು, ಕಂಪೈಲರ್, ಫ್ಲ್ಯಾಗು (ಕಂಪೈಲರಿಗೆ ಕೊಡುವ ಆಯ್ಕೆಗಳು) ಎಲ್ಲ ಮೊದಲಿನ ಹಾಗೇ ಇದ್ದರೆ ಉಳಿಸಿಟ್ಟ ಆಬ್ಜೆಕ್ಟ್ ಫೈಲನ್ನೇ ಕೊಡುತ್ತದೆ. ಮೇಕ್ ಕ್ಲೀನ್ ಚಟ ಬಿಡಲಾರದವರಿಗೂ ಆಗುತ್ತದೆ. ಮೊದಲ ಬಿಲ್ಡಿಗೆ ಲಾಭವಿಲ್ಲ, ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವ ಲಿಂಕಿಂಗಿಗೆ ಎಂದೂ ಇಲ್ಲ.

ಡೆಬಿಯನ್ ಲಿನಕ್ಸಿನ ಪ್ಯಾಕೇಜ್ ಬಿಲ್ಡ್ ಮಾಡುವಾಗ ಅರ್ಧದಲ್ಲಿ ಎರರ್ ಬಂತಾ? ಅದನ್ನು ಕಟ್ಟುವ ಆಜ್ಞೆ ಡಿಪಿಕೆಜಿ ಬಿಲ್ಡ್‌ಪ್ಯಾಕೇಜ್ ತಾನಾಗೇ ಮೊದಲು ಕ್ಲೀನ್ ಮಾಡುತ್ತದೆ. ತಪ್ಪು ತಿದ್ದಿ, ಮೈನಸ್ ಎನ್‌ಸಿ ಹಾಕಿ ಓಡಿಸಿ. ನಿಂತ ಕಡೆಯಿಂದ ಮುಂದೆ ಹೋಗುತ್ತದೆ.

ಕಂಪೈಲರ್ ಫ್ಲ್ಯಾಗ್ ಬದಲಿಸಿದಾಗ ಮಾತ್ರ ಮೇಕ್ ಮೇಲೆ ನಂಬಿಕೆ ಬೇಡ. ಹಳೇ ಆಜ್ಞೆಯನ್ನು ನಿಂಜಾ ಬರೆದಿಟ್ಟುಕೊಳ್ಳುತ್ತದೆ, ಮೇಕ್ ಇಟ್ಟುಕೊಳ್ಳುವುದಿಲ್ಲ. ಆಗ ಕ್ಲೀನ್ ಮಾಡಲೇಬೇಕು. ಗ್ರಾಹಕರಿಗೆ ಹೋಗುವ ಪ್ಯಾಕೇಜನ್ನೂ ನಾನು ಖಾಲಿ ಡೈರೆಕ್ಟರಿಯಲ್ಲೇ ಪೂರ್ತಿ ಬಿಲ್ಡ್ ಮಾಡುತ್ತೇನೆ. ಆ 40 ನಿಮಿಷಕ್ಕೆ ನನ್ನ ತಕರಾರಿಲ್ಲ.